ಲೈಸೆನ್ಸ್ ನಂಬಿದ ಅಪ್ಪ

"ಅಕ್ಕಾ, ನೀನು ಮಗೀನ ಎತ್ಕಂಡು ಸವಿತನ್ನ ಮಾತಿಗೆ ಹಿಡ್ಕ. ಅಷ್ಟ್ರಾಗೆ ನಾನು ಮಗಿ ಬಾಯಾಗೆ ಒಂದ್ ಕಡ್ಡಿ ತಿರುಗಿಸಿಬಿಡ್ತೀನಿ. ಎರಡೇ ನಿಮಿಷದ ಕೆಲ್ಸ."

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು ನನ್ನ ತಮ್ಮ ತಿಪ್ಪೇಶ ಹೇಳಿದ ಮಾತಿದು. ನಾನು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದೆ. ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಚಾಕು ಇದ್ದದ್ದು ಅವನ ಗ್ರಹಚಾರ.

ಈ ಅಂಕಣ ಓದುವ ನಿಮಗೆ ತಿಪ್ಪೇಶ ಹೊಸಬನೇನಲ್ಲ. ನನ್ನ ಸ್ಕೂಟಿ ರಿಪೇರಿ ಮಾಡುತ್ತೇನೆಂದು ಬಿಚ್ಚಿ, ಮತ್ತೆ ಜೋಡಿಸಿ, ನಾಲ್ಕು ಸ್ಕ್ರೂ ಉಳಿಸಿ "ಇವು ಎಕ್ಸ್ಟ್ರಾ" ಅಂದವನು ಇವನೇ. ಹೊಸ ಓದುಗರಿಗಾಗಿ ಹೇಳುತ್ತೇನೆ. ಹಿರಿಯೂರಿನಲ್ಲಿ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಮನೆ ಇರುವುದು ಪಕ್ಕದ ಆದಿವಾಲದಲ್ಲಿ. ಹೆಂಡತಿ ಸವಿತಾ ಅಲ್ಲಿನ ಹಾಲಿನ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವವಳು. ಮದುವೆಯಾಗಿ ಮೂರು ವರ್ಷ. ಆ ಭಾನುವಾರಕ್ಕೆ ಇಪ್ಪತ್ತೆರಡು ದಿನ ಮುಂಚೆ ಹೊಳಲ್ಕೆರೆಯಲ್ಲಿ ಹೆರಿಗೆ, ಹೆಣ್ಣುಮಗು, ತಾಯಿ ಮಗು ಕ್ಷೇಮ. ಬಾಣಂತನಕ್ಕೆ ಅಲ್ಲೇ ಹತ್ತಿರದ ತವರಿನಲ್ಲಿದ್ದಾಳೆ.

ಮಗು ಹುಟ್ಟಿದ ದಿನ ಖುಷಿಗೆ ಫೋನಿನಲ್ಲಿ ಅತ್ತಿದ್ದ ಈ ಮಹಾಶಯ ಈಗ ಅಂಗಿ ಜೇಬಿನಿಂದ ಒಂದು ಕವರ್ ತೆಗೆದ. ಒಳಗೆ ತುದಿಗೆ ಹತ್ತಿ ಸುತ್ತಿದ ಕಡ್ಡಿಗಳು. ಎರಡು ಅಪ್ಪನ ಕೆನ್ನೆಯ ಒಳಭಾಗಕ್ಕೆ, ಎರಡು ಮಗುವಿನ ಕೆನ್ನೆಗೆ. ಜತೆಗೊಂದು ಫಾರಂ. ಡಿಎನ್ಎ ಟೆಸ್ಟ್! ಆನ್‌ಲೈನಿನಲ್ಲಿ ತರಿಸಿದ್ದಾನೆ. ಮನೆಗೆ ಬಂದರೆ ಯಾರಾದರೂ ನೋಡಿಯಾರು ಎಂದು ಅಂಗಡಿಯ ವಿಳಾಸಕ್ಕೆ.

"ಲೇ, ಯಾರ್ದು ಟೆಸ್ಟು?" ಅಂದೆ.

"ನಂದೇ ಅಕ್ಕ. ನಂದೂ ಮಗೀದೂ."

ಚಾಕು ಕೆಳಗಿಟ್ಟೆ. ಇಡದಿದ್ದರೆ ಈ ಅಂಕಣವನ್ನು ಬೇರೆ ಎಲ್ಲಿಂದಲೋ ಬರೆಯಬೇಕಾಗುತ್ತಿತ್ತು.

"ಬೈಯ್ಬೇಡ, ಮೊದ್ಲು ಇದ್ನ ನೋಡು" ಎಂದು ಮೊಬೈಲ್ ಮುಂದೆ ಹಿಡಿದ. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡಿನ ಫೋಟೋ. ತಾಯಿಯ ಬ್ಲಡ್ ಗ್ರೂಪ್ ಓ ಪಾಸಿಟಿವ್. ಮಗುವಿನದು ಬಿ ಪಾಸಿಟಿವ್. ಆಮೇಲೆ ಪರ್ಸಿನಿಂದ ತನ್ನ ಡ್ರೈವಿಂಗ್ ಲೈಸೆನ್ಸ್ ತೆಗೆದು ಕಟ್ಟೆಯ ಮೇಲೆ ಇಸ್ಪೀಟೆಲೆ ಹಾಕಿದ ಹಾಗೆ ಹಾಕಿದ. ಅವನದೂ ಓ ಪಾಸಿಟಿವ್.

"ನೀನೇ ಸೈನ್ಸ್ ಟೀಚರ್ ಅಲ್ಲೇನಕ್ಕ. ನೀನೇ ಹೇಳು. ಓಗೂ ಓಗೂ ಬಿ ಹುಟ್ಟುತ್ತಾ?"

ಹುಟ್ಟುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಅದನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಲಕ್ಷಕ್ಕೊಂದು ಅಪವಾದ ಇದ್ದೀತು, ಅದು ಪರೀಕ್ಷೆಗೆ ಬರುವುದಿಲ್ಲ. ಓ ಅಪ್ಪ, ಓ ಅಮ್ಮ ಅಂದರೆ ಮಗುವೂ ಓ.

ಇಲ್ಲಿ ನಿಮ್ಮ ಹತ್ತಿರ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಆಮೇಲೆ ಬಂದ ನಾಚಿಕೆ ಸಾಮಾನ್ಯದ್ದಲ್ಲ. ಆ ಕ್ಷಣದಲ್ಲಿ ನಾನೂ ಅನುಮಾನಪಟ್ಟೆ. ಸವಿತಾ ನನ್ನ ಮನೆಗೆ ಬಂದಾಗಲೆಲ್ಲ ಹೇಳದೆ ಕೇಳದೆ ಸಿಂಕಿನ ಪಾತ್ರೆ ತೊಳೆದಿಡುವ ಹುಡುಗಿ. ನನಗೆ ಜ್ವರ ಬಂದಾಗ ಆದಿವಾಲದಿಂದ ಎರಡು ಬಸ್ ಹತ್ತಿ ಬಂದು ಗಂಜಿ ಮಾಡಿಕೊಟ್ಟವಳು. ಆ ಸವಿತಾಳ ಮೂರು ವರ್ಷವನ್ನು ನಾನು ಒಂದು ನಿಮಿಷದಲ್ಲಿ ಮನಸ್ಸಿನಲ್ಲೇ ತಿರುವಿ ಹಾಕಿದೆ. ಯಾರ ಜತೆ ನಗುತ್ತಿದ್ದಳು? ಡೈರಿಗೆ ಯಾರು ಯಾರು ಬರುತ್ತಾರೆ? ಥೂ! ಹೆಂಗಸಾಗಿ, ಅದೂ ವಿಜ್ಞಾನ ಹೇಳುವ ಹೆಂಗಸಾಗಿ!

ಅಷ್ಟರಲ್ಲಿ ತಿಪ್ಪೇಶ ತನ್ನ ಕಥೆ ಹೇಳುತ್ತಲೇ ಇದ್ದ. ಕಾರ್ಡ್ ನೋಡಿದ ದಿನ ಸುಮ್ಮನೆ ಫೋನಿನಲ್ಲಿ ಒಂದು ಪ್ರಶ್ನೆ ಟೈಪ್ ಮಾಡಿದನಂತೆ. ಆಯಿತು. ಫೋನ್ ಅವನನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಒಂದು ರೀಲು, ಊಟಕ್ಕೆ ಕುಂತರೆ ಒಂದು ರೀಲು. ಕೋಟು ಹಾಕಿದ ಒಬ್ಬ ಬಂದು "ಗಂಡಸರೇ ಎಚ್ಚರ" ಅನ್ನುತ್ತಾನೆ. ಇನ್ನೊಬ್ಬ ಅಳುತ್ತಾ "ಹತ್ತು ವರ್ಷ ಬೇರೆಯವನ ಮಗನ್ನ ಸಾಕಿದೆ" ಅನ್ನುತ್ತಾನೆ. ನಡುನಡುವೆ ಲ್ಯಾಬಿನ ಜಾಹೀರಾತು, ಮನಶ್ಶಾಂತಿಗಾಗಿ ಟೆಸ್ಟ್ ಮಾಡಿಸಿ ಅಂತ. ಮೊದಲು ಮನಸ್ಸು ಕೆಡಿಸುವುದು, ಆಮೇಲೆ ಶಾಂತಿ ಮಾರುವುದು. ಎಂಥ ವ್ಯಾಪಾರ ನೋಡಿ!

ಇಪ್ಪತ್ತು ದಿನದಲ್ಲಿ ಇವನು ಇಳಿದು ಹೋಗಿದ್ದ. ಕಣ್ಣ ಕೆಳಗೆ ಕಪ್ಪು. ಎರಡು ಮೋಟಾರಿಗೆ ತಪ್ಪು ವೈರು ಸುತ್ತಿ ಸುಟ್ಟುಹಾಕಿದ್ದಾನೆ. ಮಗುವನ್ನು ನೋಡಲು ಒಂದೇ ಸಲ ಹೋಗಿದ್ದಾನೆ. "ಎತ್ಕಂಡ್ರೆ ಬಿಡಾಕೆ ಮನಸ್ಸು ಬರಲ್ಲ ಅಕ್ಕ. ಅದ್ಕೇ ಎತ್ಕಳ್ಲಿಲ್ಲ" ಅಂದ. ಅದನ್ನು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು.

ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ? ಯಾರಾದರೂ ಉತ್ತರ ಹೇಳಿದರೆ "ಹೇಗೆ ಬಂತು, ಸ್ಟೆಪ್ ತೋರಿಸು" ಅನ್ನುವುದು ಅಭ್ಯಾಸ. ಲೈಸೆನ್ಸ್ ಕೈಯಲ್ಲಿ ಹಿಡಿದು ಕೇಳಿದೆ, "ಇದಕ್ಕೆ ರಕ್ತ ಯಾವಾಗ ಟೆಸ್ಟ್ ಮಾಡ್ಸಿದ್ದೆ?"

"ಲೈಸೆನ್ಸಿಗೆ ಯಾರಕ್ಕ ರಕ್ತ ಟೆಸ್ಟ್ ಮಾಡಿಸ್ತಾರೆ?"

"ಮತ್ತೆ ಓ ಅಂತ ಯಾರು ಹೇಳಿದ್ರು?"

"ಯಾರ್ ಹೇಳೋದು? ಬರ್ದೈತಲ್ಲ. ಸರ್ಕಾರಿ ಕಾರ್ಡು!"

ನನ್ನ ವ್ಯಾನಿಟಿ ಬ್ಯಾಗ್ ತಂದೆ. ನನ್ನ ಲೈಸೆನ್ಸೂ ಹಿರಿಯೂರಿನ ಅದೇ ಡ್ರೈವಿಂಗ್ ಸ್ಕೂಲಿನಿಂದ ಮಾಡಿಸಿದ್ದು. ಇಷ್ಟು ವರ್ಷದಲ್ಲಿ ನಾನು ಅದರಲ್ಲಿ ಫೋಟೋ ಬಿಟ್ಟು ಬೇರೇನೂ ನೋಡಿಲ್ಲ. (ಆ ಫೋಟೋ ನೋಡಿದ ಮೇಲೆ ಮುಂದೆ ಓದುವ ಧೈರ್ಯ ಯಾರಿಗೂ ಬರುವುದಿಲ್ಲ.) ಕನ್ನಡಕ ಏರಿಸಿ ನೋಡಿದೆ. ಓ ಪಾಸಿಟಿವ್.

ನಾನು ಓ ಅಲ್ಲ! ಎರಡು ಹೆರಿಗೆ ಆಗಿದೆ, ಎರಡರಲ್ಲೂ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬಿ ಪಾಸಿಟಿವ್ ಎಂದು ಬರೆದಿದ್ದಾರೆ.

"ರೀ" ಎಂದು ಯಜಮಾನರನ್ನು ಕೂಗಿದೆ. ಅವರು ವರ್ಷಕ್ಕೆರಡು ಬಾರಿ ರಕ್ತದಾನ ಮಾಡುವವರು, ಎ ಪಾಸಿಟಿವ್, ಸರ್ಟಿಫಿಕೇಟುಗಳನ್ನು ನಡುಮನೆಯಲ್ಲಿ ಫ್ರೇಮ್ ಹಾಕಿಸಿ ಇಟ್ಟಿದ್ದಾರೆ. ಅವರ ಲೈಸೆನ್ಸ್ ಹೊಸದುರ್ಗದ್ದು, ಬೇರೆ ಏಜೆಂಟರದ್ದು. ತೆಗೆಸಿ ನೋಡಿದರೆ ಅದರಲ್ಲೂ ಓ ಪಾಸಿಟಿವ್. "ಅಯ್ಯೋ, ಇದ್ನ ನಾನು ನೋಡೇ ಇಲ್ವಲ್ಲೇ" ಅಂದರು. ಗೋಡೆ ತುಂಬ ಎ ಪಾಸಿಟಿವ್, ಜೇಬಿನಲ್ಲಿ ಓ ಪಾಸಿಟಿವ್.

ಮೂರು ಲೈಸೆನ್ಸ್ ಸಾಲಾಗಿ ಕಟ್ಟೆಯ ಮೇಲೆ ಕೂತಿದ್ದವು. ತಿಪ್ಪೇಶ ಒಂದೊಂದನ್ನೇ ಎತ್ತಿ ನೋಡಿ ಇಟ್ಟ.

ಡ್ರೈವಿಂಗ್ ಸ್ಕೂಲಿಗೆ ಫೋನ್ ಮಾಡಿದೆ, ಸ್ಪೀಕರ್ ಹಾಕಿ. ಭಾನುವಾರವಾದರೂ ಪುಣ್ಯಾತ್ಮ ಎತ್ತಿದ. ಬ್ಲಡ್ ಗ್ರೂಪ್ ಹೇಗೆ ಬರೀತೀರಪ್ಪ ಅಂದರೆ ಆತನಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು.

"ಖಾಲಿ ಬಿಡಬಾರ್ದಲ್ಲ ಮೇಡಂ. ಗೊತ್ತಿಲ್ದೋರಿಗೆ ಓ ಪಾಸಿಟಿವ್ ಹಾಕ್ತೀವಿ. ಜಾಸ್ತಿ ಜನಕ್ಕೆ ಅದೇ ಇರೋದು."

"ಗೊತ್ತಿರೋರಿಗೆ?"

"ಅವ್ರನ್ನ ಯಾರು ಕೇಳ್ತಾರೆ ಮೇಡಂ? ಎಲ್ಲಾರಿಗೂ ಅದೇ. ಯಾಕೆ, ಏನಾರ ತೊಂದ್ರೆ ಆಯ್ತಾ?"

ಏನಾರ ತೊಂದರೆ! ಒಂದು ಸಂಸಾರ ಒಡೆಯುವುದಿತ್ತು ಮಹಾರಾಯ, ಅಷ್ಟೇ ತೊಂದರೆ.

ಯೋಚನೆ ಮಾಡಿ. ನಾಳೆ ಆಕ್ಸಿಡೆಂಟ್ ಆಗಿ ತಿಪ್ಪೇಶನನ್ನು ಆಸ್ಪತ್ರೆಗೆ ಹೊತ್ತೊಯ್ದರೆ ಯಾವ ಡಾಕ್ಟರೂ ಈ ಕಾರ್ಡ್ ನೋಡಿ ರಕ್ತ ಏರಿಸುವುದಿಲ್ಲ. ಮತ್ತೆ ಪರೀಕ್ಷೆ ಮಾಡಿಯೇ ಏರಿಸುತ್ತಾರೆ. ಆಸ್ಪತ್ರೆಯೇ ನಂಬದ ಕಾರ್ಡನ್ನು ನನ್ನ ತಮ್ಮ ಕಟ್ಟಿಕೊಂಡ ಹೆಂಡತಿಗಿಂತ ಹೆಚ್ಚು ನಂಬಿದ್ದ. ಸೈನ್ಸ್ ಟೀಚರ್ ಅಕ್ಕನೂ ಐದು ನಿಮಿಷ ನಂಬಿದ್ದಳು.

ಮಂಡಕ್ಕಿ ಅಲ್ಲೇ ಬಿಟ್ಟು ನಮ್ಮ ಬೀದಿ ಕೊನೆಯ ಲ್ಯಾಬಿಗೆ ಹೋದೆವು. ಬೆರಳ ತುದಿಗೆ ಒಂದು ಚುಚ್ಚು, ಗಾಜಿನ ಮೇಲೆ ಮೂರು ಹನಿ. ಅಷ್ಟೇ ಕೆಲಸ. ಲ್ಯಾಬಿನ ಹುಡುಗಿ ಹತ್ತು ನಿಮಿಷದಲ್ಲಿ ಚೀಟಿ ಕೊಟ್ಟಳು. ಬಿ ಪಾಸಿಟಿವ್.

ತಿಪ್ಪೇಶ ಲ್ಯಾಬಿನ ಮೆಟ್ಟಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ. ಮೂವತ್ತೊಂದು ವರ್ಷದ ಗಂಡಸು, ನಡುಬೀದಿಯಲ್ಲಿ. ಲ್ಯಾಬಿನ ಹುಡುಗಿ ಗಾಬರಿಯಾಗಿ ಬಂದು "ಸರ್, ಬಿ ಪಾಸಿಟಿವ್ ಒಳ್ಳೇದೇ ಸರ್, ಸುಲಭಕ್ಕೆ ಸಿಗ್ತೈತೆ" ಎಂದು ಸಮಾಧಾನ ಮಾಡಿದಳು. ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಎರಡೂ ಬಂತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅಂದೇ ಸವಿತಾಳ ತವರಿಗೆಂದು ಹೊಳಲ್ಕೆರೆ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಅವನಿಗೆ ಬುದ್ಧಿ ಹೇಳಿದೆ. ಕವರ್ ಎಲ್ಲಾದರೂ ಬಿಸಾಕು. ಸವಿತಾಳಿಗೆ ಏನೂ ಹೇಳಬೇಡ. ಹಸಿ ಬಾಣಂತಿ, ಮನಸ್ಸಿಗೆ ಹಚ್ಚಿಕೊಂಡರೆ ಹಾಲು ಬತ್ತೀತು. ನಮ್ಮಲ್ಲೇ ಇರಲಿ. (ಮುಚ್ಚಿ ಹಾಕುವುದರಲ್ಲಿ ದೊಡ್ಡಕ್ಕಂದಿರಿಗೆ ಯಾರೂ ಸಾಟಿಯಿಲ್ಲ.) ಅವನು ಕವರನ್ನು ಬಿಸಾಕದೆ ಜೇಬಿನಲ್ಲೇ ಇನ್ನಷ್ಟು ಒಳಕ್ಕೆ ತಳ್ಳಿದ.

ಸವಿತಾ ಬಾಣಂತಿ ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ನಮ್ಮನ್ನು ನೋಡಿ ಮುಖ ಅರಳಿತು. "ಬರ್ರಿ ಅಕ್ಕ, ಕುಂತ್ಕಳ್ರಿ. ಏನ್ರೀ, ಇವತ್ತಾದ್ರೂ ಮಗಳು ನೆನಪಾದ್ಲಾ?" ಅಂದಳು.

ಈ ಪುಣ್ಯಾತ್ಮ ಕುಳಿತುಕೊಳ್ಳಲಿಲ್ಲ. ಜೇಬಿಗೆ ಕೈಹಾಕಿದ. ಬೇಡ ಕಣೋ ಎಂದು ಕಣ್ಣಲ್ಲೇ ಹೇಳಿದೆ. ಕವರ್ ತೆಗೆದು ಅವಳ ಮುಂದೆ ಇಟ್ಟುಬಿಟ್ಟ. ಕಾರ್ಡಿನಿಂದ ಹಿಡಿದು ಲ್ಯಾಬಿನ ಚೀಟಿಯವರೆಗೆ ಎಲ್ಲವನ್ನೂ ಹೇಳಿದ. ತಡವರಿಸುತ್ತಾ, ಮೂಗು ಒರೆಸಿಕೊಳ್ಳುತ್ತಾ, ಒಂದನ್ನೂ ಮುಚ್ಚಿಡದೆ. ನಾನು ಸೀಲಿಂಗ್ ಫ್ಯಾನ್ ನೋಡುತ್ತಾ ಕೂತೆ.

ಸವಿತಾ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಚೀಟಿ ತಗೊಂಡು ಎರಡು ಸಲ ಓದಿದಳು.

"ಬಿ ಪಾಸಿಟಿವ್. ಅಷ್ಟೇ ತಾನೇ? ಬಿ ಪಾಸಿಟಿವ್ ಊರ ತುಂಬ ಅವ್ರೆ. ನಮ್ಮ ಡೈರಿ ಸೆಕ್ರೆಟ್ರೀನೂ ಬಿ ಪಾಸಿಟಿವ್ವೇ. ಹಂಗಾದ್ರೆ ಇದು ಯಾವ ಪ್ರೂಫು? ಕಿಟ್ ತಂದೀರಲ್ಲ, ಪೂರ್ತಿ ಮಾಡಿಸ್ರಿ. ತೆಗೀರಿ ಕಡ್ಡಿ" ಎಂದು ಮಗುವನ್ನು ಅವನ ಕಡೆ ತಿರುಗಿಸಿ ಹಿಡಿದಳು. "ಕಳ್ಳತನ ಯಾಕೆ? ನನ್ನ ಮುಂದೇನೇ ಮಾಡ್ರಿ. ಬಾಯಿ ನಾನೇ ಬಿಡಿಸ್ತೀನಿ."

ಸೈನ್ಸ್ ಟೀಚರ್ ನಾನು. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಗ್ರೂಪ್ ಕೂಡಿಬಂದರೆ ಅನುಮಾನಕ್ಕೆ ಕಾರಣ ಇಲ್ಲ ಎಂದಾಗುತ್ತದೆಯೇ ಹೊರತು ಅಪ್ಪ ಯಾರೆಂದು ಸಾಬೀತಾಗುವುದಿಲ್ಲ. ಈಗ ಚೆಂಡು ಇವನ ಅಂಗಳದಲ್ಲಿ. ಕಾರ್ಡಿಲ್ಲ, ಚೀಟಿಯಿಲ್ಲ, ರೀಲಿಲ್ಲ. ಅವಳ ಮುಖ ಇದೆ, ಮಗು ಇದೆ, ಇವನ ತೀರ್ಮಾನ ಬಾಕಿ ಇದೆ.

ತಿಪ್ಪೇಶ ಕವರ್ ಎತ್ತಿಕೊಂಡು ಹಿತ್ತಲಿಗೆ ನಡೆದ. ಬಾಣಂತಿ ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಒಲೆಗೆ ಹಾಕಿಬಂದ. ವಾಪಸ್ಸು ಬಂದು ಎರಡೂ ಕೈ ಚಾಚಿದ. "ಮಗೀನ ಕೊಡು."

ನಾನು ಮನಸ್ಸಿನಲ್ಲೇ ಚಪ್ಪಾಳೆ ಹೊಡೆದೆ. ಸವಿತಾ ಹೊಡೆಯಲಿಲ್ಲ.

"ಸುಟ್ರೆ ಆತಾ? ನಾಳೆ ಇನ್ನೊಂದು ತರಿಸಬೋದು" ಅಂದಳು. "ಕೇಳ್ರಿ ಇಲ್ಲಿ. ದಿನಾ ಎಷ್ಟು ಜನ ನನ್ನ ಹತ್ರ ಹಾಲು ತರ್ತಾರೆ. ರೀಡಿಂಗ್ ಹೆಚ್ಚುಕಮ್ಮಿ ಬಂದ್ರೆ ನಾನು ಫಸ್ಟ್ ಏನ್ಮಾಡ್ತೀನಿ ಗೊತ್ತಾ? ಮಿಷನ್ ತೊಳೀತೀನಿ. ತೊಳ್ದು ಇನ್ನೊಂದ್ಸಲ ನೋಡ್ತೀನಿ. ಹಾಲು ತಂದ ಮುದುಕಿ ಮೇಲೆ ಕೂಗಾಡಲ್ಲ. ನೀವು ನಿಮ್ಮ ಮಿಷನ್ ಯಾಕೆ ತೊಳೀಲಿಲ್ಲ?"

ಇಪ್ಪತ್ತು ದಿನ ಇವನು ಮಗುವನ್ನು ಅನುಮಾನಿಸಿದ, ಹೆಂಡತಿಯನ್ನು ಅನುಮಾನಿಸಿದ. ತನ್ನ ರಕ್ತವನ್ನು ಮಾತ್ರ ಒಂದು ಗಳಿಗೆಯೂ ಅನುಮಾನಿಸಲಿಲ್ಲ.

"ಅಂಗಡೀಲಿ ಎಷ್ಟು ಜನಕ್ಕೆ ಹೇಳಿದ್ರಿ?"

"ಇಬ್ರಿಗೆ."

"ಹಂಗಾದ್ರೆ ಹಿರಿಯೂರಿಗೇ ಗೊತ್ತು" ಅಂದಳು ಸವಿತಾ. "ಅವರ ಮುಂದೇನೇ ತಪ್ಪು ಒಪ್ಕಬೇಕು. ನಾಮಕರಣಕ್ಕೆ ಅವರನ್ನೂ ಕರೀರಿ, ನಿಮ್ಮ ಕಡೆಯೋರು, ನಮ್ಮ ಕಡೆಯೋರು ಎಲ್ಲಾ ಇರ್ತಾರೆ. ಅಲ್ಲಿ ಹೇಳ್ರಿ. ಆಮೇಲೆ ನಾನು ಆದಿವಾಲಕ್ಕೆ ಬರೋ ಮಾತು."

"ಹೇಳದಿದ್ರೆ?" ಎಂದು ಕೇಳಿದವಳು ನಾನು. ಬಾಯಿ ಸುಮ್ಮನಿರುವುದಿಲ್ಲ.

"ಹೇಳದಿದ್ರೆ ಹೊಳಲ್ಕೆರೇಲೂ ಡೈರಿ ಅವೆ ಅಕ್ಕ" ಅಂದಳು. ಆಮೇಲೆ ಮಗುವನ್ನು ಅವನ ಕೈಗೆ ಕೊಟ್ಟಳು. ಅವನು ಮೊದಲ ಸಲ ಎತ್ತಿಕೊಂಡ. ಅದು ಅವನ ಅಂಗಿಯ ಗುಂಡಿ ಹಿಡಿದುಕೊಂಡು ಬಿಡಲೇ ಇಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಕೆಲವರು ನಕ್ಕರು. ಇಬ್ಬರು ಮೇಷ್ಟ್ರುಗಳು ನಗಲಿಲ್ಲ, ಮೆಲ್ಲಗೆ ಪರ್ಸ್ ತೆಗೆದು ಲೈಸೆನ್ಸ್ ನೋಡಿಕೊಂಡರು. ಒಬ್ಬರು "ಟೆಸ್ಟ್ ಮಾಡಿಸಿದರೆ ತಪ್ಪೇನು ಮೇಡಂ, ಅನುಮಾನ ಇಟ್ಟುಕೊಂಡು ಕೊರಗುವುದಕ್ಕಿಂತ" ಅಂದರು. ತಪ್ಪು ಅಂತ ನಾನೆಲ್ಲಿ ಹೇಳಿದೆ? ಕೈಕೊಟ್ಟು ಓಡಿದವನನ್ನು ಇದೇ ಟೆಸ್ಟ್ ಹಿಡಿದು ತಂದು ನಿಲ್ಲಿಸಿದ್ದೂ ಇದೆ. ಎಷ್ಟೋ ಹೆಣ್ಣುಮಕ್ಕಳಿಗೆ ನ್ಯಾಯ ಕೊಡಿಸಿದ್ದೂ ಇದೆ. ಕಡ್ಡಿಯ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಬಾಣಂತಿ ಕೋಣೆಗೆ ನುಗ್ಗುವ ಕೈಯ ಮೇಲೆ ಸಿಟ್ಟು. ಕೇಳಬೇಕಾದ್ದು ಇದ್ದರೆ ಎದುರು ಕೂತು ಕೇಳಿ. ಧೈರ್ಯ ಇಲ್ಲವೆ? ಹಾಗಾದರೆ ಅಪ್ಪನಾಗಲು ಹೇಗೆ ಧೈರ್ಯ ಬಂತು?

ಇರಲಿ. ನಾಮಕರಣಕ್ಕೆ ಬರೋಣ.

ನಮ್ಮ ಕಡೆ ಒಂದು ಪದ್ಧತಿ ಇದೆ. ತೊಟ್ಟಿಲಲ್ಲಿ ಮಲಗಿದ ಮಗುವಿನ ಕಿವಿಯಲ್ಲಿ ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ, ಬಗ್ಗಿ ಹೆಸರು ಹೇಳಬೇಕು. ಹೇಳುವಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಹೆಸರಿಗೆ ಹಗುರ ಗುದ್ದು, ಹಳೇ ಲೆಕ್ಕ ಎಲ್ಲಾ ಅಲ್ಲೇ ತೀರುತ್ತದೆ. ಸೋದರತ್ತೆ ನಾನೇ ಆದ್ದರಿಂದ ಬೆಳಿಗ್ಗೆಯಿಂದ ಬೆನ್ನು ಸವರಿಕೊಳ್ಳುತ್ತಿದ್ದೆ. ಸವಿತಾಳ ಚಿಕ್ಕಮ್ಮ ಒಬ್ಬರಿದ್ದಾರೆ, ಮುದ್ದೆ ತಿರುವಿ ತಿರುವಿ ತೋಳು ಉಕ್ಕಾಗಿದೆ.

ತೊಟ್ಟಿಲ ಸುತ್ತ ಜನ ಸೇರಿದರು. ಹಿರಿಯೂರಿನ ಆ ಇಬ್ಬರು ಗೆಳೆಯರೂ ಬಾಗಿಲ ಬಳಿ ನಿಂತಿದ್ದರು. ನಾನು ಸೆರಗು ಬಿಗಿದು ಬಗ್ಗಬೇಕು, ತಿಪ್ಪೇಶ ಅಡ್ಡ ಬಂದ. ಮುಖ ಕೆಂಪಾಗಿತ್ತು.

"ಒಂದ್ನಿಮಿಷ ತಡೀರಿ. ಎಲ್ಲಾರೂ ಕೇಳ್ರಿ. ಈ ಮಗಿ ನಂದಲ್ಲ ಅಂತ ನಾನು ಅನುಮಾನ ಪಟ್ಟಿದ್ದೆ. ಟೆಸ್ಟಿಗೆ ಕಡ್ಡಿನೂ ತರಿಸಿದ್ದೆ. ನನ್ನ ಲೈಸೆನ್ಸಲ್ಲಿ ಇದ್ದ ಬ್ಲಡ್ ಗ್ರೂಪು ಸುಳ್ಳು. ನಾನು ಅದ್ನ ನಂಬ್ದೆ, ಸವಿತನ್ನ ನಂಬ್ಲಿಲ್ಲ. ತಪ್ಪು ನಂದೇ. ಎಲ್ಲಾರ ಮುಂದೆ ಹೇಳ್ತಾ ಇದೀನಿ."

ಗುಗ್ಗರಿ ಬಟ್ಟಲು ಹಿಡಿದ ಕೈಗಳೆಲ್ಲ ನಿಂತವು. ಸವಿತಾಳ ಅಪ್ಪ ಗೋಡೆಗೆ ಒರಗಿ ಕೂತವರು ಎದ್ದು ನಿಂತರು. ಇಷ್ಟು ಜನರ ಮುಂದೆ ಮಗಳ ಹೆಸರು ಹೀಗೆ ಎಳೆದರೆ ಯಾವ ಅಪ್ಪ ಸುಮ್ಮನಿರುತ್ತಾನೆ? ಅವರು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ "ಏನವ್ವಾ, ಏನಂತೀಯ?" ಅಂದರು.

ಇಡೀ ಮನೆ ಸವಿತಾಳ ಕಡೆ ನೋಡಿತು. ಹಸಿರು ಸೀರೆ, ತಲೆತುಂಬ ಹೂವು, ಮಹಾರಾಣಿಯ ಹಾಗೆ ಕೂತಿದ್ದಳು. ನಿಧಾನವಾಗಿ ಎದ್ದು ತೊಟ್ಟಿಲ ಹತ್ತಿರ ಬಂದಳು.

"ಅಕ್ಕ, ನೀವು ಈ ಕಡೆ ಬರ್ರಿ. ಹೆಸರು ಇವತ್ತು ಅವರು ಹೇಳ್ಲಿ. ಬೆನ್ನೂ ಅವರದೇ ಇರ್ಲಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಮನೆ ಹಂಚು ಹಾರುವ ಹಾಗೆ ನಗು. ಚಿಕ್ಕಮ್ಮ ಆಗಲೇ ಬಳೆ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ತಿಪ್ಪೇಶ ತೊಟ್ಟಿಲ ಮೇಲೆ ಬಗ್ಗಿ ಮಗಳ ಕಿವಿಗೆ ಬಾಯಿಟ್ಟು "ಸಾನ್ವಿ" ಅಂದ. (ಹೌದು, ಈಗ ಬೀದಿಗೆ ಇಬ್ಬರು ಇರುವ ಅದೇ ಹೆಸರು.) ಮೊದಲ ಗುದ್ದು ಸವಿತಾಳದ್ದು. ಅಬ್ಬಾ! ಹಾಲಿನ ಕ್ಯಾನ್ ಎತ್ತುವ ಕೈ ಅದು. ಎರಡನೆಯದು ಚಿಕ್ಕಮ್ಮನದು. ಆಮೇಲೆ ಎಣಿಸಲು ಆಗಲಿಲ್ಲ. ಐದು ನಿಮಿಷ ಅನುಮಾನಿಸಿದ ಪಾಪಕ್ಕೆ ನಾನೂ ಅವನ ಪಕ್ಕದಲ್ಲಿ ಬಗ್ಗಿದೆ. ನನಗೂ ಬಿತ್ತು, ಬೀಳಲಿ.

ಏಟಿನ ನಡುವೆ ನೋಡಿದರೆ ತಿಪ್ಪೇಶ ನಗುತ್ತಿದ್ದ, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದ. ತೊಟ್ಟಿಲೊಳಗಿನ ಸಾನ್ವಿ ಗದ್ದಲಕ್ಕೆ ಅಳಲಿಲ್ಲ. ಬಗ್ಗಿದ ಅಪ್ಪನ ಅಂಗಿಯ ಗುಂಡಿ ಮತ್ತೆ ಅವಳ ಮುಷ್ಟಿಯಲ್ಲಿತ್ತು. ಸವಿತಾ ಅವನ ಬೆನ್ನು ಉಜ್ಜುತ್ತಾ "ಬರೋ ತಿಂಗಳು ಆದಿವಾಲಕ್ಕೆ ಹೋಗಾಣ, ತೊಟ್ಟಿಲು ಕಟ್ಟಾಕೆ ಕೊಕ್ಕೆ ಹಾಕ್ಸಿಡ್ರಿ" ಅಂದಳು. ಆ ಮಾತು ಕೇಳಿ ನನ್ನ ಕಣ್ಣಲ್ಲೂ ನೀರು.

ಇಷ್ಟನ್ನೂ ಬರೆಯಲು ಅವಳ ಅಪ್ಪಣೆ ಇದೆ. "ಬರೀರಿ ಅಕ್ಕ, ನಾಕು ಜನ ಗಂಡಸರು ಓದ್ಲಿ" ಅಂದಳು. ಬರೆದಿದ್ದೇನೆ.

ಈಗ ನಿಮ್ಮ ಲೈಸೆನ್ಸ್ ತೆಗೆದು ನೋಡಿ. ಅದರಲ್ಲೂ ಓ ಪಾಸಿಟಿವ್ ಎಂದೇ ಇದೆಯೆ? ಹೋಗಿ ಮೊದಲು ನಿಮ್ಮ ರಕ್ತ ಪರೀಕ್ಷೆ ಮಾಡಿಸಿ, ಇಲ್ಲವೇ ಬೆನ್ನು ಗಟ್ಟಿ ಮಾಡಿಕೊಳ್ಳಿ.